ಮನೆಯ ಅಂತರ್ಜಾಲ ಗೋದಾಮಿಗೂ ತಲುಪಬೇಕಾದರೆ

ಮಲೆನಾಡಿನ ವ್ಯಾಪಾರಿಗೆ ಮನೆ ಬೇರೆ, ವ್ಯವಹಾರದ ಸ್ಥಳ ಬೇರೆ ಎಂಬ ಭೇದ ಹೆಚ್ಚಾಗಿ ಇರುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಜಗಲಿಯೇ ಕಚೇರಿ, ಅಟ್ಟವೇ ಉಗ್ರಾಣ, ಅಂಗಳದಾಚೆಯ ಶೆಡ್ಡೇ ಕಾರ್ಖಾನೆ. ಆದ್ದರಿಂದ ಮನೆಯ ಅಂತರ್ಜಾಲ ಸಂಪರ್ಕವನ್ನು ವಿಸ್ತರಿಸುವ ಪ್ರಶ್ನೆಯನ್ನು ಕೇವಲ ಗೃಹಸೌಕರ್ಯವೆಂದು ಬದಿಗಿಡದೆ, ತೂಕದ ಯಂತ್ರದಂತೆ, ಲಾರಿ ಬರುವ ರಸ್ತೆಯಂತೆ, ಉದ್ಯಮದ ಮೂಲಸೌಕರ್ಯವೆಂದೇ ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ನಮ್ಮ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಕಡ್ಡಾಯವಾಯಿತು. 50,000 ರೂಪಾಯಿಗೆ ಮೀರಿದ ಸರಕನ್ನು ಲಾರಿಗೆ ತುಂಬಿದ ಮೇಲೆ ಆ ಬಿಲ್ಲು ಕೈಗೆ ಬರುವವರೆಗೆ ಚಕ್ರ ಉರುಳುವಂತಿಲ್ಲ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೆ ಮೀರಿದ ವಾರ್ಷಿಕ ವಹಿವಾಟಿನವರು ಇ-ಇನ್‌ವಾಯ್ಸ್ ಕೂಡ ನೀಡಬೇಕಾಗಿದೆ. ಸಂಪರ್ಕವು ಜಗಲಿಯಲ್ಲಿ ಎಷ್ಟೇ ವೇಗವಾಗಿದ್ದರೂ, ಸರಕು ತುಂಬುವ ಸ್ಥಳಕ್ಕೆ ತಲುಪದಿದ್ದರೆ ವ್ಯಾಪಾರಿಗೆ ಪ್ರಯೋಜನವೇನು?

ನಾರ್ವೆಯ ನಮ್ಮ ಮನೆಯ ಅನುಭವವನ್ನೇ ಹೇಳುವುದಾದರೆ, ಫೈಬರ್ ಸಂಪರ್ಕ ಬಂದಾಗ ರೂಟರನ್ನು ಜಗಲಿಯಲ್ಲಿ ಇರಿಸಿದೆವು. ಅಡಿಕೆ ಸುಲಿಯುವ ಶೆಡ್ಡು ಅಂಗಳದಾಚೆಗಿದೆ. ಮಧ್ಯೆ ದಪ್ಪನೆಯ ಮಣ್ಣಿನ ಗೋಡೆಗಳು. ಶೆಡ್ಡಿಗೆ ತಗಡಿನ ಹೊದಿಕೆ. ಅಂಗಡಿಯವರ ಮಾತು ಕೇಳಿ ಒಂದು ರಿಪೀಟರ್ ತಂದು ಶೆಡ್ಡಿನಲ್ಲಿಯೇ ಸಿಕ್ಕಿಸಿದೆವು. ಮೊಬೈಲಿನಲ್ಲಿ ಸಂಕೇತದ ಗೆರೆಗಳೆಲ್ಲ ತುಂಬಿದವು. ಬಿಲ್ಲು ಮಾತ್ರ ಹುಟ್ಟಲಿಲ್ಲ. ಆಷಾಢದ ಮಳೆಯಲ್ಲಿ ಲಾರಿಗೆ ಟಾರ್ಪಾಲು ಹೊದಿಸಿ ಎರಡು ಗಂಟೆ ನಿಲ್ಲಿಸಿಕೊಂಡ ದಿನ ಇದರ ಕಾರಣವನ್ನು ಹುಡುಕಲೇಬೇಕೆನಿಸಿತು.

ಕಾರಣ ಸರಳವಾಗಿದೆ. ಮೊಬೈಲು ತೋರಿಸುವುದು ರಿಪೀಟರಿನಿಂದ ತನಗೆ ಬರುವ ಸಂಕೇತವನ್ನು; ರೂಟರಿನಿಂದ ರಿಪೀಟರಿಗೆ ಎಷ್ಟು ಬರುತ್ತಿದೆ ಎಂಬುದನ್ನಲ್ಲ. ಒಣಗಿದ ಬಾವಿಗೆ ಎರಡನೆಯ ಪಂಪು ಇಟ್ಟರೆ ನೀರು ಹೆಚ್ಚುವುದಿಲ್ಲ. ರಿಪೀಟರನ್ನು ಸಂಕೇತ ಸತ್ತ ಕೋಣೆಯಲ್ಲಲ್ಲ, ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು. ಹಾಗಿಟ್ಟರೂ, ಒಂದೇ ತರಂಗಪಟ್ಟಿಯಲ್ಲಿ ಕೇಳಿ ಅದರಲ್ಲಿಯೇ ಮರಳಿ ಹೇಳುವ ಅಗ್ಗದ ಉಪಕರಣದಲ್ಲಿ ವೇಗವು ಸುಮಾರು ಅರ್ಧಕ್ಕೆ ಇಳಿಯುತ್ತದೆ. 5 ಗಿಗಾಹರ್ಟ್ಸ್ ತರಂಗಗಳು ವೇಗವುಳ್ಳವಾದರೂ ದಪ್ಪ ಗೋಡೆಗಳನ್ನು ದಾಟಲು ಸೋಲುತ್ತವೆ, 2.4 ಗಿಗಾಹರ್ಟ್ಸ್ ತರಂಗಗಳು ಹೆಚ್ಚು ದೂರ ಹೋದರೂ ವೇಗ ಕಡಿಮೆ. ತಗಡಂತೂ ಎರಡನ್ನೂ ಹಿಂದಕ್ಕೆ ತಳ್ಳುತ್ತದೆ.

ಈಗ ಹೆಚ್ಚು ಪ್ರಚಾರದಲ್ಲಿರುವ ಮೆಶ್ ವ್ಯವಸ್ಥೆಯು ರಿಪೀಟರಿಗಿಂತ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಪೇಟೆಯ ತೆಳುಗೋಡೆಯ ಮನೆಗೆ, ಗೋಡೆ ಕೊರೆಯಲು ಒಪ್ಪಿಗೆಯಿಲ್ಲದ ಬಾಡಿಗೆ ಮಳಿಗೆಗೆ ಅದು ತಕ್ಕುದೇ. ಆದರೆ ಅದರ ಪೆಟ್ಟಿಗೆಗಳೂ ಗಾಳಿಯ ಮೂಲಕವೇ ಮಾತನಾಡುವುದಾದರೆ ನಮ್ಮ ಗೋಡೆಗಳ ಮುಂದೆ ಹೆಚ್ಚಿನ ಹಣಕ್ಕೆ ಅದೇ ಸೋಲು. ವಿದ್ಯುತ್ ತಂತಿಯ ಮೂಲಕವೇ ಅಂತರ್ಜಾಲ ಹರಿಸುವ ಪವರ್‌ಲೈನ್ ಉಪಕರಣಗಳೂ ಉಂಟು. ಹಳೆಯ ವೈರಿಂಗಿನ ಮನೆಗಳಲ್ಲಿ ಅವನ್ನು ನಂಬುವಂತಿಲ್ಲ. ಶೆಡ್ಡಿಗೆ ಮೆಸ್ಕಾಂನ ಪ್ರತ್ಯೇಕ ಮೀಟರ್ ಇದ್ದರೆ ಅವು ಕೆಲಸ ಮಾಡುವುದೇ ಅನುಮಾನ.

ಹೀಗೆ ಎಲ್ಲವನ್ನೂ ತೂಗಿ ನೋಡಿದಾಗ ಉಳಿಯುವುದು ಹಳೆಯ ದಾರಿಯೇ: ತಂತಿ ಎಳೆಯುವುದು. ರೂಟರಿನಿಂದ ಒಂದು ಕ್ಯಾಟ್-6 ತಂತಿಯನ್ನು ಬೇಕಾದ ಕೋಣೆಗೆ ಒಯ್ದು, ಅಲ್ಲಿ ಒಂದು ಆಕ್ಸೆಸ್ ಪಾಯಿಂಟ್ ಕೂರಿಸಿದರೆ ಜಗಲಿಯಲ್ಲಿರುವ ವೇಗವೇ ಅಲ್ಲಿಯೂ ದೊರೆಯುತ್ತದೆ. 100 ಮೀಟರಿನವರೆಗೆ ಇದಕ್ಕೆ ಅಡ್ಡಿಯಿಲ್ಲ. ಕೊಳ್ಳುವಾಗ ಒಂದು ಎಚ್ಚರ: ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ತಂತಿಯನ್ನೂ ಕ್ಯಾಟ್-6 ಎಂದೇ ಮಾರುವವರಿದ್ದಾರೆ. ಶುದ್ಧ ತಾಮ್ರದ್ದನ್ನೇ ಕೇಳಿ ಪಡೆಯಬೇಕು.

ಆದರೆ ಈ ಮಾತು ಒಂದೇ ಸೂರಿನ ಕೆಳಗಿನ ಕೋಣೆಗಳಿಗೆ ಮಾತ್ರ ಅನ್ವಯಿಸುತ್ತದೆ. ಇಲ್ಲಿಯೂ ನಾನು ಎಡವಿದ್ದೇನೆ. ಖರ್ಚು ಉಳಿಯಿತೆಂದು ತಾಮ್ರದ ತಂತಿಯನ್ನು ಅಂಗಳದ ಮೇಲೆ ತೂಗಾಡುವಂತೆ ಶೆಡ್ಡಿಗೆ ಎಳೆದೆ. ಮಳೆಗಾಲಕ್ಕೆ ಮೊದಲಿನ ಗುಡುಗು ಸಿಡಿಲಿಗೆ ಎರಡೂ ತುದಿಯ ಉಪಕರಣಗಳು ಒಂದೇ ಸಂಜೆ ಸುಟ್ಟವು. ಸಿಡಿಲು ತಂತಿಗೆ ನೇರವಾಗಿ ಬಡಿಯಬೇಕೆಂದಿಲ್ಲ. ಸಮೀಪದಲ್ಲಿ ಬಿದ್ದರೂ ಉದ್ದನೆಯ ತಾಮ್ರದಲ್ಲಿ ವಿದ್ಯುತ್ ಉಕ್ಕುತ್ತದೆ. ಆದ್ದರಿಂದ ಕಟ್ಟಡದಿಂದ ಕಟ್ಟಡಕ್ಕೆ ಆಪ್ಟಿಕಲ್ ಫೈಬರ್ ಎಳೆಯುವುದೇ ಲೇಸು. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕೇ ಹೊರತು ವಿದ್ಯುತ್ತಲ್ಲ. ಒಳಗೆ ಉಕ್ಕಿನ ತಂತಿಯಿಲ್ಲದ ಕೇಬಲ್ಲನ್ನು ಆರಿಸಿ, ತೋಟಕ್ಕೆ ಬಳಸುವ ಕಪ್ಪು ಪೈಪಿನೊಳಗೆ ತೂರಿಸಿ ನೆಲದಡಿ ಹೂಳಿದರೆ ಹೆಗ್ಗಣದ ಕಾಟವೂ ಕಡಿಮೆ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ ಸಾಕು. ಮನೆಗೆ ಫೈಬರ್ ತಂದುಕೊಡುವ ಸ್ಥಳೀಯ ಕೇಬಲ್‌ನವರ ಬಳಿ ಎಳೆ ಬೆಸೆಯುವ ಯಂತ್ರವೂ ಇರುತ್ತದೆ.

ವಿದ್ಯುತ್ ಕಡಿತವನ್ನೂ ಮರೆಯುವಂತಿಲ್ಲ. ಜಗಲಿಯ ರೂಟರಿಗೆ ಇನ್ವರ್ಟರ್ ಇದ್ದು ಶೆಡ್ಡಿನ ಪೆಟ್ಟಿಗೆಗೆ ಇಲ್ಲದಿದ್ದರೆ ಎಲ್ಲ ಶ್ರಮವೂ ವ್ಯರ್ಥ. ತಕ್ಕ ವೋಲ್ಟಿನ ಚಿಕ್ಕ ಯು.ಪಿ.ಎಸ್. ಅನ್ನು ಪ್ರತಿಯೊಂದು ಉಪಕರಣಕ್ಕೂ ಒದಗಿಸಬೇಕು. ಹಾಗೆಯೇ ಬಂದುಹೋಗುವವರಿಗೆ ಪ್ರತ್ಯೇಕ ಅತಿಥಿ ಸಂಪರ್ಕ ನೀಡಿ, ಲೆಕ್ಕಪತ್ರದ ಗಣಕಯಂತ್ರವಿರುವ ಸಂಪರ್ಕದ ಗುಪ್ತಪದವನ್ನು ನಮ್ಮಲ್ಲಿಯೇ ಇಟ್ಟುಕೊಳ್ಳುವುದು ವಿವೇಕ.

ತಂತಿ ಎಳೆಯಲು ಗೋಡೆ ಕೊರೆಯಬೇಕು, ಅಂಗಳ ಅಗೆಯಬೇಕು ಎಂಬ ಆಕ್ಷೇಪ ನಿಜವೇ. ಆದರೆ ಅದು ಒಮ್ಮೆ ಮಾಡುವ ಕೆಲಸ. ವರ್ಷಕ್ಕೊಂದು ಪೆಟ್ಟಿಗೆ ಬದಲಿಸುವವರು ತಮ್ಮ ಖರ್ಚನ್ನು ಒಟ್ಟುಗೂಡಿಸಿ ನೋಡಲಿ.

ಕೊನೆಯದಾಗಿ ನಮ್ಮ ಮಂಡಳಿಗೆ ಒಂದು ವಿನಂತಿ. ತಾಲ್ಲೂಕಿನ ವಿದ್ಯುತ್ ಕೆಲಸಗಾರರಿಗೆ ಈ ವಿಷಯದಲ್ಲಿ ಒಂದು ದಿನದ ತರಬೇತಿ ಏರ್ಪಡಿಸಿ, ಉತ್ತಮ ತಂತಿಯನ್ನು ಸದಸ್ಯರ ಪರವಾಗಿ ಒಟ್ಟಾಗಿ ಖರೀದಿಸುವ ವ್ಯವಸ್ಥೆಯನ್ನು ಕೈಗೊಳ್ಳಬೇಕು. ಸದಸ್ಯರೂ ಮಳೆ ಹಿಡಿಯುವುದಕ್ಕೆ ಮೊದಲೇ ಈ ಕೆಲಸವನ್ನು ಮುಗಿಸಿಕೊಳ್ಳುವುದು ಒಳಿತು.