ಮನ್ಯಾಗ ಹೊಲಿದ್ರೂ ಹೊಲಿಗಿನೇ, ಪುಕಟ ಅಲ್ಲ

"ಹೆಂಗೂ ಮನ್ಯಾಗೇ ಇರ್ತಿ, ಟೈಂಪಾಸ್ ಆಗ್ತದ, ಒಂದು ಕೌದಿ ಹೊಲಿದು ಕೊಡವ್ವ." ಈ ಒಂದು ಮಾತಿನ ಮ್ಯಾಲ ನಂದು ಜಗಳ ಅದ. ಇವತ್ತು ಅದನ್ನೇ ಬರೀಲಕತ್ತೀನಿ. ಅಕ್ಕೋರೆ, ವೈನಿದೇರೆ, ಸಿಟ್ಟಿಗೆ ಬರೋರು ಬರ್ರಿ, ಆದ್ರ ಪೂರ್ತಿ ಓದಿ ಬರ್ರಿ.

ಹೋದ ಯುಗಾದಿಯಿಂದ ಈ ಯುಗಾದಿ ತನಕ ಏನೇನು ಹೊಲಿದೆ ಅಂತ ಒಂದು ನೋಟಬುಕ್ಕಿನಾಗ ಬರದಿಟ್ಟೀನಿ. ಕೌದಿ 11, ಅದರಾಗ 4 ದೊಡ್ಡವು, 7 ಕೂಸಿನವು. ಝಂಪರ 64. ಕುಲಾಯಿ ಕುಂಚಗಿ 9 ಜೋಡಿ. ಕಾರಹುಣ್ಣಿಮಿಗೆ ಎತ್ತಿನ ಬೆನ್ನ ಮ್ಯಾಲ ಹಾಕೋ ಝೂಲ 2. ಬಾಗಲಿಗೆ ಕಟ್ಟೋ ಮಣಿ ತೋರಣ 5. ಫಾಲ್ ಪಿಕೋ ಎಣಿಸಿಲ್ಲ, ಅದನ್ನ ಎಣಿಸಿದ್ರ ನೋಟಬುಕ್ಕೇ ಸಾಲಂಗಿಲ್ಲ. ರೊಕ್ಕ ಬಂದಿದ್ದರ ಮುಂದ ಟಿಕ್ ಹಾಕೀನಿ. 11 ಕೌದಿ ಒಳಗ ಟಿಕ್ ಬಿದ್ದಿದ್ದು ಮೂರಕ್ಕ. ಉಳಿದವುಕ್ಕ ಏನು ಬಂತು ಅಂದ್ರ, ಒಂದು ಕಡಿಂದ ಎರಡು ಶೇರು ತೊಗರಿಬ್ಯಾಳಿ, ಇನ್ನೊಂದು ಕಡಿಂದ "ಭಾಳ ಛಂದ ಆಗ್ಯಾದ ನೋಡು" ಅನ್ನೋ ಮಾತು.

ಒಂದು ದೊಡ್ಡ ಕೌದಿದು ಹಿಸಾಬು ಹೇಳ್ತೀನಿ, ಕೇಳ್ರಿ. ಹಳೆ ಸೀರಿ, ಧೋತರ ಒಗದು ಒಣಗಸಬೇಕು. ಜೀರ್ಣ ಆಗಿದ್ದು ತಗದು ಗಟ್ಟಿ ಇದ್ದಿದ್ದು ಕತ್ತರಿಸಬೇಕು. ಪದರು ಹಾಸಿ, ಸುಕ್ಕು ಬೀಳದಂಗ ನಾಕೂ ಕಡಿ ಎಳದು ಕಚ್ಚಾ ಹೊಲಿಗಿ ಹಾಕಬೇಕು. ಆಮ್ಯಾಲ ದಪ್ಪ ಸೂಜಿಲೇ ಅಂಚಿನಿಂದ ನಡುಕಿನ ತನಕ ಸಾಲು ಸಾಲು ಹೊಲಕೋಂತ ಹೋಗಬೇಕು. ದಿನಕ್ಕ ಮೂರು ತಾಸು ಕುಂತ್ರ ಇಪ್ಪತ್ತು ದಿನ, ಅಂದ್ರ 60 ತಾಸು. ಇದಕ್ಕ ಜನ ಕೊಡ್ತೀನಿ ಅನ್ನೋದು 500 ರೂಪಾಯಿ, ಅದೂ ದೊಡ್ಡ ಮನಸು ಮಾಡಿ. ತಾಸಿಗೆ ಎಂಟು ರೂಪಾಯಿ ಮತ್ತೇನೋ ಚಿಲ್ಲರ ಬಿತ್ತು. 2025-26ಕ್ಕ ನಮ್ಮ ರಾಜ್ಯದಾಗ ಉದ್ಯೋಗ ಖಾತ್ರಿ ಕೂಲಿ ದಿನಕ್ಕ 370 ರೂಪಾಯಿ ಇತ್ತು. ಎಂಟು ತಾಸಿಗೆ ಒಂದು ದಿನ ಅಂತ ಹಿಡದ್ರ 60 ತಾಸಿಗೆ ಏಳೂವರಿ ದಿನ, 2,775 ರೂಪಾಯಿ ಆಗ್ತದ. ನಾಲಾ ಅಗಿಯೋ ಕೂಲಿನೇ ಇಷ್ಟದ. ಸೂಜಿ ಹಿಡದ ಕೈ ಅದಕ್ಕಿಂತ ಕಡಿಮಿ ಆಗಿದ್ದು ಹೆಂಗ?

"ಅರಿವಿ ನಮ್ದೇ ಅಲ್ಲಾ, ನೀ ಬರೇ ಹೊಲಿಯೋದು" ಅಂತಾರ. ಬರೇ ಹೊಲಿಯೋದು! ಈ ವರ್ಷ ಶಹಾಬಾದ ಕಡಿಂದ ಒಬ್ಬ ಹುಡುಗ ಬಂದಿದ್ದ, ತೀರಿಕೊಂಡ ಅವ್ವಂದು ಆರು ಸೀರಿ ಗಂಟು ಕಟಗೊಂಡು. ಒಂದು ಇಳಕಲ್, ಉಳಿದವು ದಿನಾ ಉಡೋ ನೂಲಿನ ಸೀರಿ. "ಅತ್ತಿ, ಇವನ್ನ ಒಗಾಟಿಲ್ಲ ಮನಸಿಲ್ಲ, ಪೆಟ್ಟಿಗ್ಯಾಗ ಇಟ್ರ ಹುಳ ತಿಂತಾವ" ಅಂದ. ನಾ ಎರಡು ದಿನ ಸೂಜಿನೇ ಮುಟ್ಟಲಿಲ್ಲ. ಸೀರಿ ಹಾಸಿ ನೋಡಕೋಂತ ಕುಂತೆ. ಮೊಣಕಾಲ ಹತ್ರ ಸವದಿತ್ತು, ರೊಟ್ಟಿ ಬಡಿಲಿಕ್ಕೆ ಕುಂತು ಕುಂತು. ಒಂದರ ಸೆರಗಿನ ತುದೀಗೆ ಅರಿಷಿಣದ ಕಲೆ ಇತ್ತು, ತೊಳದ್ರೂ ಹೋಗಿರಲಿಲ್ಲ. ಸವದಿದ್ದು ಒಳಪದರಿಗೆ ಹಾಕಿದೆ. ಇಳಕಲ್ಲಿನ ಕೆಂಪು ಸೆರಗು ನಡುಕ ಇಟ್ಟು, ಅದರ ಸುತ್ತ ಹಸಿರು, ಆಮ್ಯಾಲ ಕಂದು, ಅಂಚಿಗೆ ಮತ್ತ ಕೆಂಪು. ಅರಿಷಿಣದ ಕಲೆ ಮಾತ್ರ ಕತ್ತರಿಸಲಿಲ್ಲ, ತಲಿ ಕಡಿ ಬರೋಹಂಗ ಬಿಟ್ಟೆ. ಅದನ್ನ ಅಲ್ಲಿ ಬಿಡು ಅಂತ ಯಾರೂ ಹೇಳಿರಲಿಲ್ಲ. ಅದು ನನ್ನ ತಲಿ, ನನ್ನ ಕಣ್ಣು ಮಾಡಿದ ಕೆಲಸ. ಆ ಹುಡುಗ ಬಂದು ನೋಡಿ, ಅದೇ ಕಲೆ ಮ್ಯಾಲ ಕೈ ಇಟ್ಟು ಸುಮ್ಮ ಕುಂತ. ಎಷ್ಟು ಅಂತ ಕೇಳಿದ, ಹೇಳಿದಷ್ಟು ಕೊಟ್ಟ, ಒಂದು ರೂಪಾಯಿ ಚೌಕಾಶಿ ಮಾಡಲಿಲ್ಲ. ಬಳಗದವನೂ ಅಲ್ಲ. ಬಳಗದವರು ಇದೇ ಕೌದಿ ನೋಡಿ "ನಮಗೂ ಇಂಥದೇ ಒಂದು" ಅಂದ್ರು. ರೊಕ್ಕದ ಮಾತು ಬಂದ ಕೂಡ್ಲೇ ಚಾ ಆರಲಕತ್ತದ ಅಂತ ಎದ್ರು.

ಹೈದರಾಬಾದಿನಾಗ ನನ್ನ ಅಣ್ಣನ ಮಗಳು ಕಂಪ್ಯೂಟರ್ ಮ್ಯಾಲ ಲಗ್ನಪತ್ರ, ಅಂಗಡಿ ಬೋರ್ಡಿನ ಡಿಸೈನ್ ಮಾಡ್ತಾಳ. ಯಾವ ಕಂಪನಿನೂ ಇಲ್ಲ, ಮನ್ಯಾಗೇ ಕುಂತು ಮಾಡ್ತಾಳ. ಅದಕ್ಕ ಫ್ರೀಲಾನ್ಸ್ ಅಂತಾರಂತ. ಹೆಸರಿನಾಗ ಫ್ರೀ ಅದ, ಆದ್ರ ಆಕಿ ಅರ್ಧ ರೊಕ್ಕ ಮುಂಗಡ ತಗೊಳ್ಳದ ಒಂದು ಗೆರಿ ಎಳಿಯಂಗಿಲ್ಲ. ಎರಡು ಸಲಕ್ಕಿಂತ ಹೆಚ್ಚು ಬದಲಿ ಕೇಳಿದ್ರ ಅದಕ್ಕ ಬ್ಯಾರೆ ರೊಕ್ಕ. ಬಳಗದವರೆಲ್ಲಾ ಆಕೀಗೆ ಶಾಣ್ಯಾಕಿ ಅಂತಾರ. ನಾನೂ ಅಂತೀನಿ. ನಾನು ಝಂಪರದ ತೋಳು ಮೂರನೇ ಸಲ ಬಿಚ್ಚಿ ಹೊಲಿಲಕ್ಕ ನಲವತ್ತು ರೂಪಾಯಿ ಕೇಳಿದ್ರ ಮಾತ್ರ "ಈಕೀಗಿ ರೊಕ್ಕದ ಆಸಿ ಹತ್ತ್ಯಾದ".

ಒಬ್ಬ ವೈನಿ ಅಂತೂ ಭಾರಿ ಮಾತು ಹೇಳಿದ್ರು. "ಗೃಹಜ್ಯೋತಿ ಬಂದ ಮ್ಯಾಲ 200 ಯೂನಿಟ್ ತನಕ ಕರೆಂಟ್ ಪುಕಟ ಅಲ್ಲೇನವ್ವ, ಮಶೀನಿಗೆ ನಿನಗೇನು ಖರ್ಚು?" ನನ್ನ ಮಶೀನ್ ಕಾಲಿಲೆ ತುಳಿಯೋದು ವೈನಿ! ಕರೆಂಟ್ ಬರಬೇಕಾಗಿದ್ದು ನನ್ನ ಮೊಣಕಾಲಿಗೆ.

ಬಳಗದಾಗ ರೊಕ್ಕ ಏನು ಅನ್ನೋರಿಗೆ ಒಂದು ಕೇಳ್ತೀನಿ. ನಿಮ್ಮ ಮನಿಗೆ ಶಹಾಬಾದ ಫರ್ಸಿ ಹಾಸಿದ ಗೌಂಡಿ ನಿಮ್ಮ ಸೋದರಮಾವನ ಮಗನೇ ಅಲ್ಲಾ? ಅವನಿಗೆ ಫೂಟಿನ ಲೆಕ್ಕದಾಗ ಕೊಟ್ರಿ. ವಾಡಿ ಸಿಮೆಂಟ್ ಫ್ಯಾಕ್ಟರಿಗೆ ಹೋಗೋ ಅಳಿಯಂದ್ರು ತಿಂಗಳಾ ಪಗಾರ ತರ್ತಾರ, ಅವರಿಗೆ ಯಾರಾದ್ರೂ ಟೈಂಪಾಸಿಗೆ ಹೋಗ್ತೀರೇನು ಅಂತ ಕೇಳೀರೇನು? ಕೆಲಸ ಹೊಸ್ತಿಲದಾಚಿ ಆದ್ರ ದುಡಿಮಿ, ಹೊಸ್ತಿಲದೊಳಗ ಆದ್ರ ಹೊತ್ತು ಹೋಗೋ ಆಟ. ಅದೂ ಹೆಣ್ಮಕ್ಕಳದಾದ್ರ.

ಖಾಲಿ ಇರ್ತೀವಿ ಅನ್ನೋದೂ ಸುಳ್ಳು. 2024ರಾಗ ಕೇಂದ್ರ ಸರಕಾರ ಯಾರ ಹೊತ್ತು ಹೆಂಗ ಹೋಗ್ತದ ಅಂತ ದೇಶದ ತುಂಬ ಲೆಕ್ಕ ಹಾಕಿತ್ತು. ಪಗಾರ ಇಲ್ಲದ ಮನಿಕೆಲಸ ಮಾಡೋ ಹೆಣ್ಮಕ್ಕಳು ಅದಕ್ಕ ದಿನಕ್ಕ 289 ನಿಮಿಷ ಹಾಕ್ತಾರ. ಮಾಡೋ ಗಂಡಸರು 88 ನಿಮಿಷ. (ಮಾಡೋ ಗಂಡಸರು ಅಂದೀನಿ, ಮಾಡದೇ ಇರೋರ್ದು ಇದರಾಗ ಬಂದೇ ಇಲ್ಲ.) ಆ 289 ನಿಮಿಷ ಮುಗಿಸಿ, ಭಾಂಡಿ ಬೋರಲ ಹಾಕಿ, ಆಮ್ಯಾಲ ನಾವು ಸೂಜಿ ಹಿಡಿತೀವಿ.

ಸರಕಾರದ ಕಾಗದದಾಗಾದ್ರೂ ದರ್ಜಿ ಕೆಲಸ ಕಸುಬು ಅಂತ ಅದ. 2023ರ ಸೆಪ್ಟೆಂಬರದಾಗ ಶುರುವಾದ ಪಿಎಂ ವಿಶ್ವಕರ್ಮ ಯೋಜನೆದಾಗ 18 ಕಸುಬು ಅವ, ಬಡಿಗ, ಕಂಬಾರ, ಕುಂಬಾರರ ಸಾಲಿನಾಗ ದರ್ಜಿನೂ ಅದ. ತರಬೇತಿಗೆ ಹೋದ್ರ ದಿನಕ್ಕ 500, ಸಾಮಾನಿಗೆ 15,000 ತನಕ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಗುರುತೇ ಅದ. 2023ರ ಜುಲೈದಾಗ ಹಂಪಿಯೊಳಗ ಜಿ20 ಸಭಾ ಆದಾಗ 450ಕ್ಕಿಂತ ಹೆಚ್ಚು ಲಂಬಾಣಿ ಹೆಣ್ಮಕ್ಕಳು ಮಾಡಿದ 1,755 ಸಾಮಾನು ಒಂದೇ ಕಡಿ ಇಟ್ಟು ಗಿನ್ನೆಸ್ ದಾಖಲೆ ಮಾಡಿದ್ರು. ಚಿಂಚೋಳಿ, ಚಿತ್ತಾಪುರ ತಾಂಡಾದಾಗೂ ಕನ್ನಡಿ ಕೂಡಿಸಿ ಹೊಲಿಯೋ ಮುದುಕಿಯರು ಇದ್ದಾರ. ಅವರ ಕೈಗೂ ಸಂಡೂರಿನ ಕೈಗೂ ಫರಕ್ ಏನು? ಅಲ್ಲಿ ಕೂಡಿ ಕುಂತು ರೇಟು ಹೇಳಿದ್ರು. ನಮ್ಮ ತೊಗರಿಬ್ಯಾಳಿಗೂ 2019ರಾಗ ಜಿಐ ಬಂತು. ಬ್ಯಾಳಿ ಹೆಸರು ಮಾಡಿದ್ವಿ, ಕೈಗೆ ಮಾತ್ರ ಟೈಂಪಾಸ್ ಅಂತೀವಿ.

ಇನ್ನ ನನಗ ಎಲ್ಲಕ್ಕಿಂತ ಚುಚ್ಚೋ ಮಾತು. ವಾಡಿಯೊಳಗ ನನಗ ಗುರ್ತಿನ ಒಬ್ಬಾಕಿ ಇದ್ದಾಳ. ಗಂಡ ಇಲ್ಲ, ಇಬ್ಬರು ಹುಡುಗರು ಸಾಲಿಗಿ ಹೋಗ್ತಾರ. ಝಂಪರ ಹೊಲಿದೇ ಮನಿ ನಡಸ್ತಾಳ. ಆಕೀಗಿ ಗಿರಾಕಿ ಏನಂತಾರ? "ನಮ್ಮ ಅತ್ತಿ ಪುಕಟ ಹೊಲಿದು ಕೊಡ್ತಾಳ, ನೀ ಇಷ್ಟು ಕೇಳ್ತಿ?" ನಮ್ಮ ಮುಲಾಜು ಆಕಿ ಗಂಗಾಳಕ್ಕ ಕೈ ಹಾಕ್ತದ. ಗಂಡನ ಪಗಾರ ಬರೋ ಮನಿಯಾಕಿ ಪುಕಟ ಹೊಲಿದ್ರ ಅದು ದಾನ ಅಲ್ಲ ತಂಗಿದೇರೆ, ಊರಾಗಿನ ರೇಟು ಕೆಡವೋದು. ಅದಕ್ಕ ನಾ ರೊಕ್ಕ ಕೇಳ್ತೀನಿ, ನನಗ ಅಗದಿ ಬೇಕಾಗಿರಲಿ, ಬಿಡಲಿ.

ಪ್ರೀತಿ ಇಲ್ಲೇನು ಅಂತೀರಿ. ಅದ. ಬಳಗದಾಗ ಚೊಚ್ಚಲ ಕೂಸಿಗೆ ಒಂದು ಕುಲಾಯಿ ಕುಂಚಗಿ ನನ್ನ ಕಡಿಂದ ಇದ್ದೇ ಇರ್ತದ, ಅದಕ್ಕ ರೊಕ್ಕ ಕೊಟ್ರ ನಾನೇ ಬೈತೀನಿ. ಕೊಡೋದು ನಾ ಅನಬೇಕು, ನೀವು ಅನಬಾರದು, ಅಷ್ಟೇ ಫರಕ್.

ಈ ಯುಗಾದಿಯಿಂದ ರೇಟು ಹಿಂಗ ಅವ: ದೊಡ್ಡ ಕೌದಿ 2,800, ಕೂಸಿನ ಕೌದಿ 700, ಅರಿವಿ ನಿಮ್ದು, ದಾರ ನಂದು. ಅರ್ಧ ರೊಕ್ಕ ಮುಂಗಡ. ಝಂಪರ ವಾಡಿಯಾಕಿ ಎಷ್ಟು ತಗೋತಾಳೋ ಅಷ್ಟೇ, ಒಂದು ರೂಪಾಯಿನೂ ಕಡಿಮಿ ಇಲ್ಲ. ಅವಸರ ಇದ್ರ ಆಕಿ ಹತ್ರನೇ ಹೋಗ್ರಿ, ಆಕಿ ಕೈ ನನಗಿಂತ ಚುರುಕ ಅದ. ಎಳ್ಳಮಾಸಿ ಚಳಿಗೆ ಕೌದಿ ಬೇಕಾದೋರು ದಸರಾದ ಒಳಗ ಸೀರಿ ಒಗದು ತಂದು ಕೊಡ್ರಿ. ಒಗಿಲಾರದ ಗಂಟು ತಂದ್ರ ಒಗಿಯೋ ರೇಟು ಬ್ಯಾರೆ.