ಜಮೀನಿದ್ದವನಿಗೇ ಜಾಮೀನು

ಮೇಜಿನ ಮೇಲೆ ರಬ್ಬರ್ ಸ್ಟ್ಯಾಂಪುಗಳು, ನಕಲಿ ಆಧಾರ್ ಕಾರ್ಡುಗಳು, ಪಹಣಿಯ ಕಟ್ಟು. ಹಿಂದೆ ಎದೆಯುಬ್ಬಿಸಿ ನಿಂತ ಪೊಲೀಸರು. ಮುಂದೆ ತಲೆ ತಗ್ಗಿಸಿ ಕುಕ್ಕರುಗಾಲಲ್ಲಿ ಕೂತ ನಾಲ್ಕೈದು ಜನ. ಈ ಫೋಟೊ ನೀವು ಈ ವಾರ ನೋಡಿದ್ದೀರಿ, ಹಿಂದೆಯೂ ನೋಡಿದ್ದೀರಿ, ಆಯುಸ್ಸಿದ್ದರೆ ಮುಂದೆಯೂ ನೋಡುತ್ತೀರಿ. ನಕಲಿ ಜಾಮೀನುದಾರರ ಬಂಧನ ನಮ್ಮಲ್ಲಿ ಊರ ಜಾತ್ರೆಯಿದ್ದ ಹಾಗೆ. ತೇರು ಅದೇ, ಎಳೆಯುವವರು ಮಾತ್ರ ಬೇರೆ.

ಸುದ್ದಿ ಓದಿ ನನಗೇನೂ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದು ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಆ ಸುದ್ದಿಗೆ ಬರೆದ ಷರಾ ನೋಡಿ. ‘ಅಮೆರಿಕದಲ್ಲಿ ಇದಕ್ಕೆಂದೇ ಬೇಲ್ ಬಾಂಡ್ಸ್‌ಮನ್ ಇರ್ತಾರೆ. ಲೈಸೆನ್ಸು, ಆಫೀಸು, ಬೋರ್ಡು ಎಲ್ಲ ಇರುತ್ತೆ. ಎಷ್ಟು ನೀಟು! ನಮ್ಮಲ್ಲೂ ತರಬೇಕು.’ ಹದಿನೇಳು ಜನ ಅದಕ್ಕೆ ಹೆಬ್ಬೆಟ್ಟು ಒತ್ತಿದರು. ನ್ಯೂಜೆರ್ಸಿಯ ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದಾಗಿನಿಂದ ಈ ಹಿರಿಯರ ಕಣ್ಣಿಗೆ ನಮ್ಮೂರಿನ ಮಳೆಯೂ ನೀಟಾಗಿ ಸುರಿಯುತ್ತಿಲ್ಲ.

ಸ್ವಾಮಿ, ಆ ನ್ಯೂಜೆರ್ಸಿಯೇ 2017ರಿಂದ ನಗದು ಜಾಮೀನನ್ನು ಹೆಚ್ಚುಕಡಿಮೆ ಕೈಬಿಟ್ಟಿದೆ. ಇಲಿನಾಯ್ ರಾಜ್ಯ ಬಾಂಡ್ಸ್‌ಮನ್‌ಗಳನ್ನು 1963ರಲ್ಲೇ ಹೊರಗಟ್ಟಿ, 2023ರ ಸೆಪ್ಟೆಂಬರ್‌ನಲ್ಲಿ ನಗದು ಜಾಮೀನಿಗೇ ಎಳ್ಳುನೀರು ಬಿಟ್ಟಿತು. ದುಡ್ಡು ತೆಗೆದುಕೊಂಡು ಜಾಮೀನು ನಿಲ್ಲುವುದನ್ನು ರಾಜಾರೋಷದ ವ್ಯಾಪಾರವಾಗಿ ಬಿಟ್ಟಿರುವ ದೇಶಗಳೆಂದು ಸಾಮಾನ್ಯವಾಗಿ ಎಣಿಸುವುದು ಎರಡನ್ನೇ, ಅಮೆರಿಕ ಮತ್ತು ಫಿಲಿಪ್ಪೀನ್ಸ್. ಇಂಗ್ಲೆಂಡಿನಲ್ಲಿ ‘ನೀನು ಜಾಮೀನು ನಿಲ್ಲು, ನಷ್ಟವಾದರೆ ನಾನು ತುಂಬಿಕೊಡುತ್ತೇನೆ’ ಎಂದು ಮಾತು ಕೊಡುವುದೇ 1976ರ ಕಾಯ್ದೆಯ ಪ್ರಕಾರ ಅಪರಾಧ.

ಅಮೆರಿಕದ ಆ ನೀಟು ವ್ಯಾಪಾರದ ಲೆಕ್ಕ ಹೀಗಿದೆ. ಕೋರ್ಟು ಹತ್ತು ಸಾವಿರ ಡಾಲರ್ ಜಾಮೀನು ಕೇಳಿದರೆ ಬಾಂಡ್ಸ್‌ಮನ್‌ಗೆ ಸಾಮಾನ್ಯವಾಗಿ ಸಾವಿರ ಡಾಲರ್ ಕೊಡಬೇಕು. ಆರೋಪಿ ನಿರ್ದೋಷಿ ಎಂದು ಸಾಬೀತಾದರೂ ಆ ಸಾವಿರ ಹೋಯಿತೆಂದೇ ಲೆಕ್ಕ. ರಾತ್ರಿ ಎರಡೂವರೆಗೆ ಫೋನು, ಆ ಕಡೆ ಯಾರದೋ ತಾಯಿಯ ಅಳು. ಅಳು ನಿಲ್ಲುವ ಮೊದಲೇ ಬಾಂಡ್ಸ್‌ಮನ್ ಕಾರಿನ ಕಾಗದ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಬೇಕು. ಬೆಳಗ್ಗೆ ಕೋರ್ಟಿನ ಪಟ್ಟಿ ಹಿಡಿದು ‘ಇವತ್ತು ನಿನ್ನ ದಿನಾಂಕ, ಮರೆಯಬೇಡ’ ಎಂದು ಒಬ್ಬೊಬ್ಬರಿಗೂ ನೆನಪಿಸಬೇಕು. ಬಾರದವನನ್ನು ಬೆನ್ನಟ್ಟಬೇಕು. ಬೇರೆ ರಾಜ್ಯಕ್ಕೆ ಹೋದರೂ, ಮನೆಯ ಬಾಗಿಲು ಒಡೆದಾದರೂ ಹಿಡಿದು ತರಬಹುದೆಂದು ಅಲ್ಲಿಯ ಸುಪ್ರೀಂ ಕೋರ್ಟು 1872ರಷ್ಟು ಹಿಂದೆಯೇ ಹೇಳಿದೆ. ವೃತ್ತಿಧರ್ಮವೂ ಉಂಟು. ಜೈಲಿನ ಬಾಗಿಲಲ್ಲಿ ನಿಂತು ಗಿರಾಕಿ ಕರೆಯಬಾರದೆಂದು ಹಲವು ರಾಜ್ಯಗಳ ನಿಯಮ. ಬಾಗಿಲು ಒಡೆಯಬಹುದು, ಬಾಗಿಲಲ್ಲಿ ನಿಲ್ಲಬಾರದು!

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಪದಗಳ ಬೆನ್ನು ಹತ್ತುವುದು ನನ್ನ ಹಳೇ ಚಟವೆಂದು ಈ ಅಂಕಣ ಓದುವವರಿಗೆ ಗೊತ್ತು. ಅದಕ್ಕಾಗಿ ಬೈಯುವವರೂ ಇದ್ದಾರೆ, ಬೈಯಲಿ. ‘ಜಾಮೀನು’ ಅರಬ್ಬಿಯಿಂದ ಬಂದದ್ದು. ಮೂಲದಲ್ಲಿ ಹೊಣೆ ನಿಂತವನು ಎಂದರ್ಥ. ‘ಜಮೀನು’ ಪಾರಸಿಯದ್ದು, ನೆಲ ಎಂದರ್ಥ. ಎರಡಕ್ಕೂ ರಕ್ತಸಂಬಂಧವಿಲ್ಲ. ಒಂದು ದೀರ್ಘ ಕಿತ್ತರೆ ಒಂದು ಇನ್ನೊಂದಾಗುತ್ತದೆ, ಅಷ್ಟೇ. ಆದರೆ ನಮ್ಮ ಕೋರ್ಟುಗಳು ಆ ದೀರ್ಘವನ್ನು ಯಾವಾಗಲೋ ಕಿತ್ತುಹಾಕಿವೆ. ಜಾಮೀನು ಬೇಕೇ, ಜಮೀನು ತೋರಿಸು. ಈ ಎರಡೂ ಪದ ಬರುವ ಮೊದಲು ನಮ್ಮ ಹತ್ತಿರ ನಮ್ಮದೇ ಒಂದು ಪದವಿತ್ತು: ಹೊಣೆ. ಹಳಗನ್ನಡದಲ್ಲಿ ಪೊಣೆ. ಜಾಮೀನು ಎಂಬುದೇ ಅದರ ಹಳೆಯ ಅರ್ಥ. ಇನ್ನೊಬ್ಬನಿಗಾಗಿ ನಿಂತವನು ಅವನ ಭಾರ ಹೊತ್ತ ಎಂದು ಭಾಷೆಯೇ ತೀರ್ಮಾನ ಮಾಡಿಬಿಟ್ಟಿತ್ತು. ಈಗ ಹೊಣೆಯನ್ನು ಎಕರೆ, ಗುಂಟೆಯಲ್ಲಿ ಅಳೆಯುತ್ತೇವೆ.

ಅಳತೆಯ ರುಚಿ ನನಗೆ ಸಿಕ್ಕಿದ್ದು ಹೋದ ವರ್ಷ. ನಮ್ಮ ರಸ್ತೆಯಲ್ಲಿ ಕಟ್ಟುತ್ತಿದ್ದ ಮನೆಗೆ ಲಿಂಗಸುಗೂರು ಕಡೆಯ ದಂಪತಿ ವಾಚ್‌ಮನ್ ಆಗಿದ್ದರು. ಸಿಮೆಂಟ್ ಚೀಲಗಳ ಪಕ್ಕ ತಗಡಿನ ಶೆಡ್ಡು, ಅದರಲ್ಲೇ ಸಂಸಾರ. ಹತ್ತೊಂಬತ್ತರ ಮಗ ಯಾರಿಂದಲೋ ಅಗ್ಗಕ್ಕೆ ಸಿಕ್ಕಿತೆಂದು ಮೊಬೈಲ್ ಕೊಂಡ. ಅದು ಕದ್ದ ಮಾಲು. ಹುಡುಗ ಒಳಗೆ ಹೋದ. ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು: ಐವತ್ತು ಸಾವಿರದ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಶ್ಯೂರಿಟಿ. ಆದೇಶ ಬಂದು ಹನ್ನೊಂದು ದಿನವಾದರೂ ಹುಡುಗ ಜೈಲಿನಲ್ಲೇ ಇದ್ದ.

‘ಹೊಲ ಐತ್ರಿ ಸರ, ಎರಡೆಕರೆ. ಆದ್ರ ಪಹಣ್ಯಾಗ ನಮ್ಮ ಮುತ್ಯಾನ ಹೆಸರೈತ್ರಿ. ಅವ ಸತ್ತು ಇಪ್ಪತ್ತು ವರ್ಷ ಆತು’ ಎಂದ ತಂದೆ. ಪೌತಿ ಖಾತೆ ಆಗಿಲ್ಲ. ಊರಿನ ನೆಂಟರಲ್ಲಿ ಪಹಣಿ ಇದ್ದವರು ಬೆಂಗಳೂರಿಗೆ ಬರಲು ಹೆದರಿದರು. ಬರಲು ಸಿದ್ಧನಿದ್ದ ಸೋದರಮಾವನಿಗೆ ಪಹಣಿ ಇರಲಿಲ್ಲ. ಕೋರ್ಟಿನ ಎದುರು ಒಬ್ಬ ‘ಆರು ಸಾವಿರ ಕೊಡಿ, ಸಂಜೆಗೆ ಹುಡುಗ ಮನೇಲಿರ್ತಾನೆ’ ಎಂದಿದ್ದನಂತೆ. ನಾನೇ ನಿಲ್ಲುತ್ತೇನೆ ಎಂದೆ. ಸೈಟಿನ ಖಾತಾ ಹುಡುಕುವಾಗ ನನ್ನ ಹೆಂಡತಿ, ‘ಸ್ವಂತ ತಮ್ಮ ಬ್ಯಾಂಕ್ ಸಾಲಕ್ಕೆ ಕೇಳಿದಾಗ ಈ ಪತ್ರ ಸಿಕ್ಕಿರಲಿಲ್ಲವಲ್ಲ’ ಎಂದಳು. ಕೇಳಿಸಲಿಲ್ಲವೆಂಬಂತೆ ಹೊರಟೆ.

ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ವಕೀಲರಿಗಾಗಿ ಕಾಯುತ್ತಿದ್ದೆ. ಅರವತ್ತರ ಹತ್ತಿರದ ಒಬ್ಬ ಪಕ್ಕ ಬಂದು ಕೂತ. ಬಿಳಿ ಅಂಗಿ, ಹಣೆಗೆ ವಿಭೂತಿ, ಕಂಕುಳಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ನನ್ನ ಕೈಯಲ್ಲಿದ್ದ ಖಾತಾ, ಪಾಸ್‌ಪೋರ್ಟ್ ಫೋಟೊಗಳನ್ನು ನೋಡಿ ಆತ್ಮೀಯವಾಗಿ ಕೇಳಿದ: ‘ಯಾವ ಹಾಲ್ ಸಾರ್ ನಿಮ್ದು? ಎಷ್ಟಕ್ಕೆ ಒಪ್ಕೊಂಡ್ರಿ?’

ನನ್ನನ್ನು ಅವನು ಹೊಸದಾಗಿ ಕಸುಬಿಗೆ ಇಳಿದವನೆಂದುಕೊಂಡಿದ್ದ. ಬಿಟ್ಟಿ ನಿಲ್ಲುತ್ತಿದ್ದೇನೆ ಎಂದಾಗ ಅವನ ಮುಖದಲ್ಲಿ ಕಂಡದ್ದು ಅಪ್ಪಟ ಕನಿಕರ.

ಅವನ ಎಡ ಅಂಗೈ ತುಂಬ ಬಾಲ್‌ಪೆನ್ನಿನ ಬರಹ. ಆರೋಪಿಯ ಹೆಸರು, ತಂದೆಯ ಹೆಸರು, ಊರು; ಹಾಗೆ ಮೂರು ಸಾಲು, ಮೂವರು ಆರೋಪಿಗಳು. ‘ಆರೋಪಿ ನಿಮಗೇನಾಗಬೇಕು ಅಂತ ಸಾಹೇಬ್ರು ಕೇಳ್ತಾರಲ್ಲ.’ ಹನ್ನೊಂದಕ್ಕೆ ಒಂದು ಹಾಲಿನಲ್ಲಿ ಸೋದರಳಿಯ, ಹನ್ನೆರಡೂವರೆಗೆ ಮೇಲಿನ ಮಹಡಿಯಲ್ಲಿ ಪಕ್ಕದ ಮನೆ ಹುಡುಗ, ಊಟದ ನಂತರ ಇನ್ನೊಂದು ಕೋರ್ಟಿನಲ್ಲಿ ಹೆಂಡತಿಯ ತಮ್ಮನ ಮಗ. ನಡುವೆ ಜೆರಾಕ್ಸು, ನೋಟರಿ, ಛಾಪಾ ಕಾಗದ, ಇಬ್ಬರು ವಕೀಲರ ಫೋನು, ಒಬ್ಬ ತಾಯಿಯ ಬೇಡಿಕೆ. ಬೆವರಿಗೆ ಶಾಯಿ ಕದಡಿತು. ಟೀ ಲೋಟ ಪಕ್ಕಕ್ಕಿಟ್ಟು ‘ಸೋದರಳಿಯ’ನ ಅಪ್ಪನ ಹೆಸರನ್ನು ಮತ್ತೆ ತಿದ್ದಿಕೊಂಡ.

ನಿಮಗೇನೂ ಅನ್ನಿಸುವುದಿಲ್ಲವೇ ಎಂದು ಕೇಳಿದೆ. ‘ನಮಗೂ ಒಂದು ನೀತಿ ಅಂತ ಇದೆ ಸಾರ್’ ಎಂದು ಬೆರಳು ಮಡಚಿದ. ‘ಮಕ್ಕಳ ಮೇಲೆ ಕೈ ಮಾಡಿದವನಿಗೆ ನಿಲ್ಲಲ್ಲ. ಗಾಂಜಾಕ್ಕೆ ನಿಲ್ಲಲ್ಲ. ಒಬ್ಬರಿಗೆ ಮಾತು ಕೊಟ್ಮೇಲೆ ಬೇರೆಯವ್ರು ಜಾಸ್ತಿ ಕೊಡ್ತೀನಂದ್ರೂ ಹೋಗಲ್ಲ. ತಾಯಂದಿರು ಬಂದ್ರೆ ರೇಟ್ ಇಳಿಸ್ತೀನಿ. ಎಲ್ಲಕ್ಕಿಂತ ಮುಖ್ಯ, ನಂದು ಒರಿಜಿನಲ್ ಪಹಣಿ. ಕಲರ್ ಜೆರಾಕ್ಸ್ ಗಿರಾಕಿ ಅಲ್ಲ ನಾನು.’

ಪಾಪದವನು ಎಂದು ನಾನು ಹೇಳಲು ಹೊರಟಿಲ್ಲ. ಈ ಹಿಂದೆ ಯಾರಾರಿಗೆ ಜಾಮೀನು ನಿಂತಿದ್ದೀರಿ ಎಂದು ಶ್ಯೂರಿಟಿ ಘೋಷಿಸಲೇಬೇಕು. ಮೊದಲು ಅದು ಸಿಆರ್‌ಪಿಸಿಯ 441ಎ, 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 486ನೇ ಕಲಮು. ಅಲ್ಲಿ ದಿನಕ್ಕೆ ಮೂರು ಸಲ ಸುಳ್ಳು ಹೇಳುವುದೇ ಇವನ ಕಸುಬು. ಇವನು ಹೀಗಳೆಯುವ ಕಲರ್ ಜೆರಾಕ್ಸಿನವರಂತೂ ಇನ್ನೂ ಕೆಟ್ಟವರು. ಯಾವುದೋ ಊರಿನ ರೈತನ ಪಹಣಿಯನ್ನು ಕಂಪ್ಯೂಟರಿನಿಂದ ತೆಗೆದು, ಅವನ ಹೆಸರಿಗೆ ತಮ್ಮ ಮುಖ ಅಂಟಿಸುತ್ತಾರೆ. ಆರೋಪಿ ತಲೆ ತಪ್ಪಿಸಿಕೊಂಡ ದಿನ ಕೋರ್ಟಿನ ನೋಟಿಸು ಹೋಗುವುದು ಹೊಲದಲ್ಲಿ ಕಳೆ ಕೀಳುತ್ತಿರುವ ಆ ರೈತನ ಮನೆಗೆ. ಮುಚ್ಚಳಿಕೆಯ ಹಣ ವಸೂಲಾಗದಿದ್ದರೆ ಶ್ಯೂರಿಟಿಯನ್ನು ಆರು ತಿಂಗಳವರೆಗೆ ಸಿವಿಲ್ ಜೈಲಿಗೆ ಹಾಕಲೂ ಅವಕಾಶವಿದೆ.

ಆದರೆ ಅವತ್ತು ಕೋರ್ಟ್ ಹಾಲಿನಲ್ಲಿ ನಡೆದದ್ದು ಕೇಳಿ. ನಮ್ಮಿಬ್ಬರದೂ ಒಂದೇ ಹಾಲು, ಸರದಿ ಅವನದು ಮೊದಲು. ‘ಮೊದಲು ಯಾರಿಗಾದರೂ ನಿಂತಿದ್ದೀರಾ?’ ‘ಇಲ್ಲ ಸ್ವಾಮಿ, ಇದೇ ಮೊದಲು.’ ‘ಆರೋಪಿ ಏನಾಗಬೇಕು?’ ‘ಅಕ್ಕನ ಮಗ ಸ್ವಾಮಿ.’ ಹೆಣ್ಣು ನೋಡಲು ಹೋದ ಗಂಡಿನ ವಿನಯ. ಎರಡೇ ನಿಮಿಷ, ಮುಗಿಯಿತು. ಆಮೇಲೆ ನಾನು. ‘ಆರೋಪಿ ಏನಾಗಬೇಕು?’ ‘ಏನೂ ಆಗಬೇಕಿಲ್ಲ ಸ್ವಾಮಿ, ನಮ್ಮ ರಸ್ತೆಯ ವಾಚ್‌ಮನ್ ಮಗ.’ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. ‘ಸಂಬಂಧ ಇಲ್ಲದೆ ಯಾಕೆ ನಿಲ್ಲುತ್ತಿದ್ದೀರಿ?’ ಗಂಟಲು ಒಣಗಿತು. ನಿಜ ಹೇಳುವಾಗ ನಾನು ಇಷ್ಟು ತಡವರಿಸಿದ್ದು ಅದೇ ಮೊದಲು. ಕಂದಾಯದ ರಸೀದಿ ಹಿಂದಿನ ವರ್ಷದ್ದು, ಹೊಸದು ತನ್ನಿ ಎಂದರು. ಊಟದ ನಂತರ ಮತ್ತೆ ಹೋದೆ. ಹುಡುಗ ಹೊರಗೆ ಬಂದದ್ದು ಮರುದಿನ ರಾತ್ರಿ.

ನ್ಯಾಯಾಧೀಶರನ್ನು ಬೈಯುವುದು ಸುಲಭ. ಅವರ ಮೇಜಿನ ಮೇಲೆ ಆ ದಿನ ಎಷ್ಟು ಕಡತವಿತ್ತೆಂದು ನಾನೇ ನೋಡಿದ್ದೇನೆ. ನನ್ನ ತಕರಾರು ಅಳತೆಗೋಲಿನ ಮೇಲೆ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಹತ್ತು ಸಾವಿರದ ಶ್ಯೂರಿಟಿ ಕೇಳಿದ್ದ ಮ್ಯಾಜಿಸ್ಟ್ರೇಟರು, ನಿಲ್ಲಲು ಬಂದ ಅವನ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವನ ಸ್ವಂತ ಮುಚ್ಚಳಿಕೆ ಸಾಕು, ಸಾವಿರ ರೂಪಾಯಿ ಸಾಕು ಎಂದರು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತಿದೆ, ಆ ಷರತ್ತು ಬೇಡ ಎಂದು ಅದೇ ಕೋರ್ಟು 2023ರ ಜನವರಿಯಲ್ಲಿ ಮತ್ತೆ ಹೇಳಬೇಕಾಯಿತು. ತಿಂಗಳೊಳಗೆ ಶ್ಯೂರಿಟಿ ಸಿಗದಿದ್ದರೆ ಕೆಳಗಿನ ಕೋರ್ಟು ತಾನಾಗಿ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದೂ ಹೇಳಿತು. 2024ರ ಆಗಸ್ಟಿನಲ್ಲಿ ಇನ್ನೊಬ್ಬ ಬಂದ. ಹದಿಮೂರು ಪ್ರಕರಣ, ಹದಿಮೂರರಲ್ಲೂ ಜಾಮೀನು, ಅಷ್ಟು ಶ್ಯೂರಿಟಿಗಳನ್ನು ಹೊಂದಿಸಲಾಗದೆ ಜೈಲು. ಶ್ಯೂರಿಟಿ ನಿಲ್ಲುವವರು ಹತ್ತಿರದ ನೆಂಟರು, ಹಳೇ ಗೆಳೆಯರು. ಕ್ರಿಮಿನಲ್ ಕೇಸೆಂದರೆ ಅವರೂ ದೂರ ಸರಿಯುತ್ತಾರೆ ಎಂಬ ಮಾತು ಆ ತೀರ್ಪಿನಲ್ಲಿದೆ. 1978ರಿಂದ ಒಂದೇ ಪಾಠ, ಓದುವ ಮಕ್ಕಳು ಮಾತ್ರ ಬೇರೆ ಬೇರೆ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ನಾಲ್ವರಲ್ಲಿ ಮೂವರು. ಬಡ ಕೈದಿಗಳ ಜಾಮೀನಿಗೆ 40,000 ರೂಪಾಯಿವರೆಗೆ ಕೊಡುವ ಕೇಂದ್ರದ ಯೋಜನೆ 2023ರಲ್ಲಿ ಬಂತು. ಒಳ್ಳೆಯದೇ. ಆದರೆ ನಮ್ಮ ವಾಚ್‌ಮನ್‌ಗೆ ಅದರ ಸುದ್ದಿ ಮುಟ್ಟಿರಲಿಲ್ಲ. ಆರು ಸಾವಿರದವನ ಫೋನ್ ನಂಬರ್ ಮಾತ್ರ ಅವನ ಜೇಬಿಗೆ ಮೊದಲ ದಿನವೇ ತಲುಪಿತ್ತು.

ಆದ್ದರಿಂದ ವಾಟ್ಸ್‌ಆ್ಯಪ್ ಹಿರಿಯರೇ, ಲೈಸೆನ್ಸ್ ಬೇಡ. ಲೈಸೆನ್ಸ್ ಕೊಟ್ಟರೆ ಆ ಆರು ಸಾವಿರಕ್ಕೆ ಜಿಎಸ್‌ಟಿ ಸೇರುತ್ತದೆ, ಅಂಗೈಯ ಬರಹ ಕಂಪ್ಯೂಟರಿಗೆ ಏರುತ್ತದೆ, ಬೋರ್ಡಿಗೆ ಲೈಟು ಬರುತ್ತದೆ. ಬಡವನ ಜೇಬಿನಿಂದ ದುಡ್ಡು ಹೋಗುವುದು ಮಾತ್ರ ಹಾಗೇ ಉಳಿಯುತ್ತದೆ. ಸಣ್ಣಪುಟ್ಟ ಪ್ರಕರಣಗಳಲ್ಲಿ ಹುಡುಗನ ಸ್ವಂತ ಮುಚ್ಚಳಿಕೆಯನ್ನೇ ನಂಬಿ. ದಿನಾಂಕಕ್ಕೆ ಮುಂಚೆ ಅವನ ಮೊಬೈಲಿಗೆ ಒಂದು ಸಂದೇಶ ಕಳಿಸಿ. ಪಹಣಿ ಕೇಳುವುದನ್ನು ಬಿಟ್ಟ ದಿನ ಪಹಣಿ ಮಾರುವವನು ತಾನಾಗಿ ಮನೆಗೆ ಹೋಗುತ್ತಾನೆ, ಪೊಲೀಸರು ಮೇಜು ಜೋಡಿಸಬೇಕಿಲ್ಲ.

‘ಓಡಿಹೋದರೆ?’ ಎಂದು ಗುಂಪಿನಲ್ಲಿ ಒಬ್ಬರು ಕೇಳಿದ್ದಾರೆ. ಈ ಮಂಗಳವಾರ ನಮ್ಮ ಹುಡುಗನ ದಿನಾಂಕವಿತ್ತು. ಮನೆ ಕಟ್ಟಿ ಮುಗಿದು ಅವರೆಲ್ಲ ಊರಿಗೆ ಹೋಗಿದ್ದಾರೆ. ರಾತ್ರಿಯ ಬಸ್ಸು ಹಿಡಿದು ಬಂದು ಬೆಳಗ್ಗೆ ಒಂಬತ್ತೂವರೆಗೇ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತಿದ್ದ. ಸಾಕ್ಷಿ ಹೇಳಬೇಕಿದ್ದ ಪೊಲೀಸ್ ಅಧಿಕಾರಿ ಬರಲಿಲ್ಲ. ಇದು ಮೂರನೇ ಸಲ. ಅವರಿಗೆ ಯಾರೂ ಶ್ಯೂರಿಟಿ ಕೇಳಿಲ್ಲ.