ಹಲ್ಲಿ ನಮ್ಮದು, ಹಿಕ್ಕೆ ಮಾವಶಿಯದೇ?

ಪುಣೆಯ ಫ್ಲ್ಯಾಟುಗಳಿಗೆ ಈಗ ನಾಯಿ, ಬೆಕ್ಕಿನ ಜೊತೆಗೆ ಲೆಪರ್ಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್‌ಗಳೂ ಬಂದಿವೆ. ಅವುಗಳ ಫೋಟೊ ಎಲ್ಲರೂ ಹಾಕುತ್ತಾರೆ. ಅವು ತಿನ್ನುವ ಜಿರಳೆಗಳ ಡಬ್ಬದ ಫೋಟೊ ಯಾರೂ ಹಾಕುವುದಿಲ್ಲ. ಆ ಡಬ್ಬವನ್ನು ಸ್ವಚ್ಛ ಮಾಡುವವರು ಯಾರು ಎಂಬ ಮಾತಂತೂ ಬರುವುದೇ ಇಲ್ಲ. ವಾಕಡ್, ಬಾಣೇರ್ ಕಡೆ ನಾನು ಕಂಡ ಮೂರು ಮನೆಗಳಲ್ಲಿ, ಮೂರೂ ಕನ್ನಡದವರವೇ, ಆ ಕೆಲಸ ಮನೆಗೆಲಸದ ಮಾವಶಿಯ ತಲೆಗೆ ಬಿದ್ದಿದೆ. ಇದು ಸರಿಯಲ್ಲ.

ನಾನೂ ಮೂರು ವರ್ಷದಿಂದ ಡೂಬಿಯಾ ಜಿರಳೆ ಸಾಕುತ್ತಿದ್ದೇನೆ, ಆದ್ದರಿಂದ ಕೆಲಸ ಎಂಥದ್ದೆಂದು ಗೊತ್ತು. ನಾವು ಜಿರಳೆ, ಮರಾಠಿಯವರು ಝುರಳ ಎಂದು ಕರೆದು ಚಪ್ಪಲಿ ಎತ್ತುವ ಜಾತಿಯಲ್ಲ ಅದು. ಮೂಲ ದಕ್ಷಿಣ ಅಮೆರಿಕ. ನುಣುಪಾದ ಪ್ಲಾಸ್ಟಿಕ್ ಗೋಡೆ ಹತ್ತಲಾರದು. ಹೆಣ್ಣು ಮೊಟ್ಟೆಚೀಲವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಒಂದು ಸಲಕ್ಕೆ ಇಪ್ಪತ್ತು, ಮೂವತ್ತು ಮರಿ ಹಾಕುತ್ತದೆ. ಹುಟ್ಟಿದ ಮರಿ ಕೆಲವೇ ಮಿಲಿಮೀಟರ್, ಬೆಳೆದದ್ದು 4 ಸೆಂಟಿಮೀಟರಿಗೂ ಹೆಚ್ಚು. ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳುವನ್ನು ಕೊಡಬಾರದು ಎಂಬುದು ಸಾಕುವವರೆಲ್ಲ ಪಾಲಿಸುವ ಲೆಕ್ಕ. ಹಾಗಾಗಿ ಗಾತ್ರದ ಪ್ರಕಾರ ಬೇರ್ಪಡಿಸಲೇಬೇಕು.

ಮೊಟ್ಟೆ ಟ್ರೇಗಳನ್ನು ಒಂದೊಂದಾಗಿ ಎತ್ತಿ ಕೊಡವಬೇಕು. ದೊಡ್ಡ ಕಣ್ಣಿನ ಜರಡಿ ಮೇಲೆ, ಸಣ್ಣದು ಕೆಳಗೆ. ದೊಡ್ಡವು ಮೇಲೆ ಉಳಿಯುತ್ತವೆ, ನಡುವಿನವು ನಡುವೆ, ತಳಕ್ಕೆ ಹಿಕ್ಕೆಯ ಪುಡಿ. ತೊಡಕಿರುವುದು ಆ ತಳದಲ್ಲೇ. ಎಳೆ ಮರಿಗಳು ಹಿಕ್ಕೆಯಲ್ಲಿ ಬೆರೆತು ಕಣ್ಣಿಗೇ ಬೀಳುವುದಿಲ್ಲ. ಒಂದು ಗಜ್ಜರಿ ತುಂಡು, ಒಂದು ಟ್ರೇ ಚೂರು ಇಟ್ಟು ಕಾದರೆ ತಾವಾಗಿ ಹತ್ತಿ ಬರುತ್ತವೆ. ರೆಕ್ಕೆಯಿರುವ ಗಂಡುಗಳು ಹೆಚ್ಚಾಗಿದ್ದರೆ ಮೊದಲು ಅವನ್ನೇ ಹಲ್ಲಿಗೆ ಹಾಕಬೇಕು. ಸತ್ತವನ್ನು ತೆಗೆಯಬೇಕು, ಮಳೆಗಾಲದಲ್ಲಿ ಬೂಷ್ಟು ನೋಡಬೇಕು. ಮರಿಗಳು ಹಿಕ್ಕೆಯನ್ನೂ ತಿನ್ನುವುದರಿಂದ ಒಂದಿಷ್ಟು ವಾಪಸ್ ಹಾಕಬೇಕು. ಇಷ್ಟೂ ಹೊತ್ತು ಏಳುವ ದೂಳು ಅಲರ್ಜಿಗೆ, ಉಬ್ಬಸಕ್ಕೆ ದಾರಿ. ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಮಾವಶಿಗೆ ಮಾಸ್ಕ್ ಕೊಟ್ಟದ್ದನ್ನು ನಾನು ಆ ಮೂರು ಮನೆಗಳಲ್ಲಿ ಎಲ್ಲೂ ನೋಡಲಿಲ್ಲ.

ಕೇಳಿದರೆ ಮೊದಲ ಉತ್ತರ, 'ದುಡ್ಡು ಕೊಡ್ತೀವಲ್ಲ.' ಕೆಲಸಕ್ಕೆ ಕರೆದಾಗ ಮಾತಾಡಿದ್ದು ಕಸ, ಮುಸುರೆ, ಫರಸಿಗೆ. ಜಿರಳೆಯ ಮಾತು ಆಗ ಬಂದಿತ್ತೇ? ಆಕೆ ಎಷ್ಟೋ ಸಲ ಕಲಬುರಗಿಯವಳು, ವಿಜಯಪುರದವಳು. ನಮ್ಮ ಹಾಗೆಯೇ ಊರು ಬಿಟ್ಟು ಬಂದವಳು. 'ಯಕ್ಕಾ, ಇದನ್ನ ಹೆಂಗ ಮುಟ್ಲಿರೀ?' ಎಂದು ನಮ್ಮದೇ ಮಾತಿನಲ್ಲಿ ಕೇಳುತ್ತಾಳೆ. ರಾಜ್ಯೋತ್ಸವಕ್ಕೆ ಶಾಲು ಹೊದ್ದು ಕೂತ ನಮ್ಮ ಕಿವಿಗೆ ಆ ಕನ್ನಡ ಯಾಕೆ ಬೀಳುವುದಿಲ್ಲ?

ಎರಡನೆಯ ಉತ್ತರ, 'ನಮಗೆ ಹೇಸಿಗೆಯಾಗುತ್ತೆ.' ಆಕೆಗೆ ಆಗುವುದಿಲ್ಲವೇ? ಒಬ್ಬರ ಹೇಸಿಗೆಗೆ ಮರ್ಯಾದೆ, ಇನ್ನೊಬ್ಬರದಕ್ಕೆ ಕೂಲಿ ಎಂಬ ಏರ್ಪಾಡು ಈ ದೇಶದಲ್ಲಿ ಹೊಸದಲ್ಲ. ಏಪ್ರಿಲ್ 14ಕ್ಕೆ ಅದರ ವಿರುದ್ಧ ಪೋಸ್ಟ್ ಬರೆಯುವವರು 15ಕ್ಕೆ ಜರಡಿಯನ್ನು ಆಕೆಯ ಕೈಗೆ ಕೊಡಬಾರದು. ಹುಳುವಿನ ಕೆಲಸವೇ ಕೀಳು ಎನ್ನುವವರು ರಾಮನಗರ, ಶಿಡ್ಲಘಟ್ಟದ ರೇಷ್ಮೆ ಮನೆಗಳನ್ನು ನೆನೆಯಲಿ. ಹಿಕ್ಕೆ, ಉಳಿದ ಸೊಪ್ಪು ತೆಗೆಯುವುದು, ಹುಳುಗಳನ್ನು ಬಿಡಿಬಿಡಿಯಾಗಿ ಹರಡುವುದು, ಹಿಂದೆ ಬಿದ್ದವನ್ನು ಬೇರೆ ಮಾಡುವುದು, ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸುವುದು, ಇವೆಲ್ಲಕ್ಕೆ ಹುಳು ಸಾಕಿದ ಮನೆಯವರೇ ಕೈ ಹಾಕುತ್ತಾರೆ. ಅದು ಅವರ ಕಸುಬು, ಅವರ ಅನ್ನ. ನಮಗಿದು ಬರೀ ಹವ್ಯಾಸ. ಹವ್ಯಾಸದ ಕೊಳೆಯನ್ನು ಬೇರೆಯವರಿಗೆ ದಾಟಿಸಲು ನಮಗೆ ಇನ್ನೂ ಕಡಿಮೆ ಹಕ್ಕು.

ಕತೆ ಮನೆಬಾಗಿಲಿಗೆ ಮುಗಿಯುವುದೂ ಇಲ್ಲ. ಹಿಕ್ಕೆ, ಸತ್ತ ಹುಳು, ಅದರಲ್ಲಿ ಬೆರೆತ ಜೀವಂತ ಮರಿ ಎಲ್ಲವೂ ಹಸಿ ಕಸದ ಬಕೆಟ್ಟಿಗೆ ಹೋಗುತ್ತವೆ. ಪುಣೆಯಲ್ಲಿ ಬಹಳಷ್ಟು ಮನೆಗಳ ಕಸ ಒಯ್ಯುವವರು 'ಸ್ವಚ್ಛ್' ಸಹಕಾರಿ ಸಂಸ್ಥೆಯ ಕೆಲಸಗಾರರು, ಹೆಚ್ಚಿನವರು ಹೆಂಗಸರು. 1993ರಲ್ಲಿ ಕಟ್ಟಿದ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘಟನೆಯಿಂದ ಬೆಳೆದ ಸಂಸ್ಥೆ ಅದು. ನಾವು ಗಂಟು ಕಟ್ಟಿದ್ದನ್ನು ಅವರು ಕೈಯಲ್ಲಿ ಬಿಚ್ಚುತ್ತಾರೆ. ಕಸ ಬೇರ್ಪಡಿಸುವುದು ಕಸ ಹುಟ್ಟಿಸಿದವರ ಹೊಣೆ ಎಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಹಿಕ್ಕೆಯನ್ನೂ ಸತ್ತವನ್ನೂ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಫ್ರೀಜರಿನಲ್ಲಿಡಿ. ಉಳಿದ ಮರಿಗಳೂ ಸಾಯುತ್ತವೆ. ಆಮೇಲೆ ಹೂಕುಂಡದ ಮಣ್ಣಿಗೆ ಬೆರೆಸಿ, ಒಳ್ಳೆಯ ಗೊಬ್ಬರ. ಪರದೇಶದ ಹುಳು ಮೋರಿ ಸೇರುವುದೂ ತಪ್ಪುತ್ತದೆ. ಫ್ರೀಜರಿನಲ್ಲಿಡಲು ಮನಸ್ಸು ಒಪ್ಪದಿದ್ದರೆ, ಅದೇ ಚೀಲವನ್ನು ಬರಿಗೈಯಲ್ಲಿ ಬಿಚ್ಚುವವರ ಮನಸ್ಸನ್ನು ಸ್ವಲ್ಪ ಯೋಚಿಸಿ.

ಲೆಪರ್ಡ್ ಗೆಕ್ಕೊ ಚೆನ್ನಾಗಿ ನೋಡಿಕೊಂಡರೆ 15, 20 ವರ್ಷ ಬಾಳುತ್ತದೆ. ಅಷ್ಟು ವರ್ಷ ತಿಂಗಳಿಗೊಮ್ಮೆ ಒಂದು ಗಂಟೆ ಜರಡಿ ಹಿಡಿಯುವ ಮನಸ್ಸಿದ್ದರೆ ಸಾಕಿ. ಇಲ್ಲದಿದ್ದರೆ ಹಲ್ಲಿ ನೋಡುವ ಆಸೆಗೆ ಟ್ಯೂಬ್‌ಲೈಟಿನ ಹಿಂದೆ ಕೂತದ್ದು ಇದ್ದೇ ಇದೆ. ತನ್ನ ಊಟ ತಾನೇ ಹುಡುಕಿಕೊಳ್ಳುತ್ತದೆ, ಮಾವಶಿಗೆ ಕೆಲಸ ಹಚ್ಚುವುದಿಲ್ಲ.